ಸುಮಾರು ಒಂದು ಟನ್ ಹೊರುವ ಸ್ಟ್ಯಾಂಡ್: ದೊಡ್ಡ ಅಕ್ವೇರಿಯಂಗೆ ಮನೆಯಲ್ಲೇ ಕಟ್ಟುವವರಿಗೆ

ದೊಡ್ಡ ಅಕ್ವೇರಿಯಂಗೆ ಸ್ಟ್ಯಾಂಡ್ ಮಾಡಿಸಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು, "ಇಷ್ಟು ಭಾರ ತಡೆಯುತ್ತಾ?" ಅಂತ. ಬಡಗಿಯ ಉತ್ತರ ಗೊತ್ತಿರುವುದೇ: ಇನ್ನೂ ದಪ್ಪ ಮರ ಹಾಕೋಣ. ವೆಲ್ಡಿಂಗ್ ಅಂಗಡಿಯವರೂ ಅದನ್ನೇ ಹೇಳುತ್ತಾರೆ: ಇನ್ನೊಂದು ಸೈಜ್ ದೊಡ್ಡ ಆಂಗಲ್ ಹಾಕಿಬಿಡೋಣ. ದುಡ್ಡು ಜಾಸ್ತಿ ಆಗುತ್ತದೆ. ಸ್ಟ್ಯಾಂಡೂ ಭಾರವಾಗುತ್ತದೆ. ಆದರೂ ಒಂದೆರಡು ವರ್ಷದಲ್ಲಿ ಟ್ಯಾಂಕಿನ ಮೂಲೆಯಲ್ಲಿ ನೀರು ಒಸರಲು ಶುರುವಾಗಬಹುದು.

ನೇರ ಕೆಳಕ್ಕೆ ಇಳಿಯುವ ಭಾರವನ್ನು ಹೊರುವುದು ಸ್ಟ್ಯಾಂಡಿಗೆ ಸುಲಭದ ಕೆಲಸ. ಕಷ್ಟದ ಕೆಲಸಗಳು ಮೂರು. ಮಧ್ಯದಲ್ಲಿ ಜಗ್ಗಬಾರದು, ಮೇಲ್ಭಾಗ ತಿರುಚಿಕೊಳ್ಳಬಾರದು, ಇಡೀ ಸ್ಟ್ಯಾಂಡ್ ಪಕ್ಕಕ್ಕೆ ವಾಲಬಾರದು. ಬರೀ ದಪ್ಪ ಮರ ಹಾಕಿದ ಮಾತ್ರಕ್ಕೆ ಈ ಮೂರೂ ಸಿಗುವುದಿಲ್ಲ. ಎಲ್ಲಿ ಹಾಕುತ್ತೀರಿ, ಹೇಗೆ ಜೋಡಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಂದು ನಿಜವಾದ ಅಳತೆ ಇಟ್ಟುಕೊಂಡು ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ.

ಭಾರ ಎಷ್ಟು?

ಅರೋವಾನಾ, ಆಸ್ಕರ್ ತರಹದ ದೊಡ್ಡ ಮೀನು ಸಾಕುವವರು ಇಷ್ಟಪಡುವ ಅಳತೆ 6×2×2 ಅಡಿ. ಒಳಗಿನ ಜಾಗ 24 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಂದರೆ ಕಂಠಪೂರ್ತಿ ತುಂಬಿದರೆ ಸುಮಾರು 680 ಲೀಟರ್.

ಯಾರೂ ಕಂಠಪೂರ್ತಿ ತುಂಬುವುದಿಲ್ಲ. ಮೇಲೆ ಎರಡು ಇಂಚು ಬಿಡಿ, ತಳದಲ್ಲಿ ಎರಡು ಇಂಚು ಮರಳು ಹಾಕಿ. ಆಗ ನೀರು ಸುಮಾರು 580 ಕಿಲೋ. ಮರಳು 90 ಕಿಲೋ. ಗಾಜಿನ ತೂಕ ಹೇಗೆ ತಿಳಿಯುವುದು? ಒಂದು ಚದರ ಮೀಟರ್ ಗಾಜು, ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕಿಲೋ ತೂಗುತ್ತದೆ. 12 ಮಿಮೀ ಗಾಜಾದರೆ ಚದರ ಮೀಟರಿಗೆ 30 ಕಿಲೋ. ಈ ಟ್ಯಾಂಕಿಗೆ ತಳ ಮತ್ತು ನಾಲ್ಕು ಗೋಡೆ ಸೇರಿ ನಾಲ್ಕು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ ಗಾಜು ಬೇಕು, ಅಂದರೆ 120 ಕಿಲೋ. ಕಲ್ಲು, ಮರದ ಬೇರು 40 ಕಿಲೋ. ಮುಚ್ಚಳ, ಲೈಟು, ಅದು ಇದು 20 ಕಿಲೋ. ಒಟ್ಟು 850 ಕಿಲೋ. ಸ್ಟ್ಯಾಂಡ್ ತೂಕವೂ ಸೇರಿದರೆ ನೆಲದ ಮೇಲೆ 920, 930 ಕಿಲೋ ಬೀಳುತ್ತದೆ.

ಸ್ಟ್ಯಾಂಡ್ ಸಿದ್ಧವಾದ ಮೇಲೆ ಇಬ್ಬರು ಹತ್ತಿ ನಿಂತು "ನೋಡಿ, ಅಲ್ಲಾಡಲಿಲ್ಲ" ಅನ್ನುವುದು ಎಲ್ಲೆಲ್ಲೂ ಇರುವ ಪರೀಕ್ಷೆ. 850 ಕಿಲೋ ಅಂದರೆ 65 ಕಿಲೋ ತೂಗುವ ಹದಿಮೂರು ಜನ. ಅವರು ಐದು ನಿಮಿಷ ನಿಂತು ಇಳಿದು ಹೋಗುವುದಿಲ್ಲ. ಹಗಲು ರಾತ್ರಿ, ವರ್ಷಗಟ್ಟಲೆ ಹಾಗೇ ನಿಂತಿರುತ್ತಾರೆ. ಮರಕ್ಕೆ ಇದು ದೊಡ್ಡ ವ್ಯತ್ಯಾಸ. ಒಂದೇ ಸಮ ಭಾರ ಹೊತ್ತ ಮರ ನಿಧಾನಕ್ಕೆ ಇನ್ನಷ್ಟು ಬಾಗುತ್ತಾ ಹೋಗುತ್ತದೆ. ಮೊದಲ ದಿನ ಒಂದು ಮಿಲಿಮೀಟರ್ ಬಾಗಿದ ತೊಲೆ ಕೆಲವು ವರ್ಷಕ್ಕೆ ಎರಡು ಮಿಲಿಮೀಟರ್ ಬಾಗಿರಬಹುದು. ಮನೆಯೊಳಗಿನ ಬಿಸಿಯಲ್ಲಿ ಕಬ್ಬಿಣಕ್ಕೆ ಈ ಸ್ವಭಾವ ಇಲ್ಲ. ಕಬ್ಬಿಣವನ್ನು ಆರಿಸಲು ಅದೊಂದು ಒಳ್ಳೆಯ ಕಾರಣ.

ಕಾಲಿಗೆ ಭಾರ ಕಷ್ಟವಲ್ಲ

2×3 ಇಂಚಿನ ಒಂದು ಗಟ್ಟಿ ಮರದ ಕಾಲು ತೆಗೆದುಕೊಳ್ಳಿ. ಅದರ ತಲೆಯ ವಿಸ್ತೀರ್ಣ ಸುಮಾರು 3,750 ಚದರ ಮಿಮೀ. ನಾರಿನ ಉದ್ದಕ್ಕೆ ಒತ್ತಿದಾಗ ಪ್ರತಿ ಚದರ ಮಿಮೀಗೆ ಅರ್ಧ ಕಿಲೋ ಅಂತ ತುಂಬಾ ಹುಷಾರಾಗಿ ಲೆಕ್ಕ ಹಿಡಿದರೂ, ಎರಡೂವರೆ ಅಡಿ ಎತ್ತರದ ಆ ಒಂದು ಕಾಲು 1,800 ಕಿಲೋದ ಆಸುಪಾಸು ಹೊರುತ್ತದೆ. ಇಡೀ ಟ್ಯಾಂಕಿನ ಎರಡು ಪಟ್ಟು! ನಾಲ್ಕಿಂಚಿನ ಕಾಲು ಹಾಕಿಸಿ ದುಡ್ಡು ಸುರಿಯುವ ಅಗತ್ಯ ಇಲ್ಲ.

ಆದರೆ ಒಂದು ಷರತ್ತು. ಭಾರ ಆ ಕಾಲಿನ ತಲೆಯ ಮೇಲೇ ಕೂರಬೇಕು. ಟ್ಯಾಂಕು ತೊಲೆಯ ಮೇಲೆ, ತೊಲೆ ಕಾಲಿನ ಮೇಲೆ, ಕಾಲು ನೆಲದ ಮೇಲೆ. ಮರದ ಮೇಲೆ ಮರ. ಎಷ್ಟೋ ಸ್ಟ್ಯಾಂಡುಗಳಲ್ಲಿ ಉದ್ದ ತೊಲೆಯನ್ನು ಕಾಲಿನ ಪಕ್ಕಕ್ಕೆ ಹಚ್ಚಿ ಎರಡು ಸ್ಕ್ರೂ ಹೊಡೆದಿರುತ್ತಾರೆ. ಆಗ 850 ಕಿಲೋ ಹೊರುವುದು ಸ್ಕ್ರೂಗಳು. ಡ್ರೈವಾಲ್ ಸ್ಕ್ರೂ ಅಂತ ಸಿಗುವ ಕಪ್ಪು ಸ್ಕ್ರೂಗಳು ಗಟ್ಟಿ ಆದರೂ ಪೆಡಸು. ಅಡ್ಡ ಭಾರ ಬಿದ್ದರೆ ಬಾಗುವ ಬದಲು ತುಂಡಾಗುತ್ತವೆ. ಜೊತೆಗೆ ತೇವಕ್ಕೆ ತುಕ್ಕು. ಸರಿಯಾಗಿ ಕಟ್ಟಿದ ಸ್ಟ್ಯಾಂಡಿನಲ್ಲಿ ಸ್ಕ್ರೂ ಕೆಲಸ ಬರೀ ಮರಗಳನ್ನು ಜಾಗದಲ್ಲಿ ಹಿಡಿದಿಡುವುದು. ಎಲ್ಲ ಸ್ಕ್ರೂ ಬಿಚ್ಚಿ ತೆಗೆದರೂ ಭಾರ ಇಳಿಯುವ ದಾರಿ ಹಾಗೇ ಉಳಿದಿರುತ್ತದಾ ಅಂತ ನಕ್ಷೆ ನೋಡುತ್ತಾ ಕೇಳಿಕೊಳ್ಳಿ. ಉಳಿಯುವುದಿಲ್ಲ ಅಂತಾದರೆ ನಕ್ಷೆ ಬದಲಿಸಿ. ಕಾಲಿನ ತಲೆಯಲ್ಲಿ ಕಚ್ಚು ಹಾಕಿ ತೊಲೆಯನ್ನು ಅದರಲ್ಲಿ ಕೂರಿಸುವುದು ನಮ್ಮ ಬಡಗಿಗಳಿಗೆ ನೀರು ಕುಡಿದಷ್ಟು ಸುಲಭ. ಕೇಳಿ ಮಾಡಿಸಬೇಕು ಅಷ್ಟೆ.

ನಡುಗಾಲಿನ ಮಹಿಮೆ

ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಸ್ವಲ್ಪ ನಿಧಾನಕ್ಕೆ ನೋಡೋಣ.

ತೊಲೆ ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಮೂರು ನಿಯಮ. ಪ್ರತಿ ಅಡಿಗೆ ಬೀಳುವ ಭಾರ ಅಷ್ಟೇ ಇದ್ದು, ಎರಡು ಕಾಲುಗಳ ನಡುವಿನ ಅಂತರ ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ತೊಲೆಯ ಎತ್ತರ ಎರಡು ಪಟ್ಟಾದರೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಗಲ ಎರಡು ಪಟ್ಟಾದರೆ ಅರ್ಧಕ್ಕೆ ಮಾತ್ರ.

ನಮ್ಮ ಟ್ಯಾಂಕಿಗೆ ಇದನ್ನು ಹಾಕಿ ನೋಡಿ. ಟ್ಯಾಂಕಿನ ಉದ್ದಕ್ಕೆ ಮುಂದೊಂದು, ಹಿಂದೊಂದು ತೊಲೆ. ಮುಂದಿನ ತೊಲೆಯ ಪಾಲಿಗೆ ಅರ್ಧ ಭಾರ, 425 ಕಿಲೋ. ಎರಡು ತುದಿಯಲ್ಲಿ ಮಾತ್ರ ಕಾಲು ಇದೆ ಅಂದುಕೊಳ್ಳಿ. 2×4 ಇಂಚಿನ ಸಾಧಾರಣ ಗಟ್ಟಿ ಮರವನ್ನು ನಿಲ್ಲಿಸಿ, ಅಂದರೆ ನಾಲ್ಕಿಂಚು ಎತ್ತರ ಬರುವಂತೆ ಹಾಕಿದರೆ ನಡುವೆ 6 ರಿಂದ 7 ಮಿಮೀ ಜಗ್ಗುತ್ತದೆ. ಅದೇ ಮರವನ್ನು ಮಲಗಿಸಿ ಹಾಕಿದರೆ 27 ಮಿಮೀ, ಒಂದು ಇಂಚಿಗಿಂತ ಜಾಸ್ತಿ! ಮರ ಅದೇ, ದುಡ್ಡು ಅದೇ. ಈಗ ನಿಲ್ಲಿಸಿದ ತೊಲೆಯ ನಡುವೆ ಒಂದು ಕಾಲು ಕೊಡಿ. ಅಂತರ ಅರ್ಧವಾಯಿತು. ಜಗ್ಗುವುದು ಅರ್ಧ ಮಿಲಿಮೀಟರಿಗೂ ಕಡಿಮೆ.

ಕಬ್ಬಿಣದಲ್ಲೂ ಇದೇ ಕಥೆ. ಅಂಗಡಿಗಳಲ್ಲಿ ಸಿಗುವ 40×40 ಮಿಮೀ, 14 ಗೇಜಿನ, ಅಂದರೆ 2 ಮಿಮೀ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಚೌಕ ಪೈಪ್ ನಡುಗಾಲಿಲ್ಲದೆ ಸುಮಾರು 19 ಮಿಮೀ ಬಾಗುತ್ತದೆ. ಮತ್ತೆ ನೆಟ್ಟಗಾಗದಂತೆ ಬಾಗಿಬಿಡುವ ಹಂತಕ್ಕೆ ಅದು ತೀರಾ ಹತ್ತಿರ. ನಡುಗಾಲು ಕೊಟ್ಟರೆ ಬಾಗು ಒಂದು ಮಿಲಿಮೀಟರ್ ಚಿಲ್ಲರೆಗೆ ಇಳಿಯುತ್ತದೆ. 50×50 ಮಿಮೀ, 3 ಮಿಮೀ ದಪ್ಪದ ಪೈಪ್ ಹಾಕಿದರೆ ನಿಲ್ಲಿಸಿದ 2×4 ಮರದಷ್ಟೇ ಗಟ್ಟಿ. ಹೆಚ್ಚುಕಡಿಮೆ ಒಂದೇ ಲೆಕ್ಕ ಬರುತ್ತದೆ. ಕಬ್ಬಿಣ ಅಂದ ತಕ್ಷಣ ಎಲ್ಲ ತಡೆಯುತ್ತದೆ ಅಂತ ನಂಬುವವರು ಈ ಎರಡು ಅಂಕಿಗಳನ್ನು ನೆನಪಿಡಬೇಕು.

ಇಲ್ಲಿ ಒಂದು ಪ್ರಶ್ನೆ ಬರಬಹುದು. ಏಳು ಮಿಲಿಮೀಟರ್ ಬಾಗಿದರೆ ಏನಾಯಿತು, ಮುರಿಯಲಿಲ್ಲವಲ್ಲ? ಮುರಿಯುವುದು ಸ್ಟ್ಯಾಂಡ್ ಅಲ್ಲ. ಗಾಜು ಬಾಗಲು ಒಪ್ಪುವುದಿಲ್ಲ. ಎರಡಡಿ ಎತ್ತರದ ಗಾಜಿನ ಗೋಡೆ ತಾನೇ ಒಂದು ದೊಡ್ಡ ತೊಲೆ. ಕೆಳಗಿನ ಸ್ಟ್ಯಾಂಡ್ ನಡುವೆ ಜಗ್ಗಿದರೆ ಟ್ಯಾಂಕು ಅದರ ಜೊತೆ ಜಗ್ಗುವುದಿಲ್ಲ. ಎರಡು ತುದಿ ಹಿಡಿದುಕೊಂಡು ಸೇತುವೆಯಾಗಿ ನಿಂತುಬಿಡುತ್ತದೆ. ಹಾಗಾದಾಗ ಭಾರವೆಲ್ಲ ತಳದ ಗಾಜಿನ ಎರಡು ತುದಿಗೆ ಮತ್ತು ಸಿಲಿಕೋನ್ ಬೆಸುಗೆಗೆ ಹೋಗುತ್ತದೆ. ಅವು ಈ ಕೆಲಸಕ್ಕೆ ಹುಟ್ಟಿದವಲ್ಲ. ಆರಡಿ ಉದ್ದಕ್ಕೆ ಒಂದು ಮಿಲಿಮೀಟರಿಗಿಂತ ಜಾಸ್ತಿ ಜಗ್ಗಬಾರದು ಅನ್ನುವುದು ನಾನು ಇಟ್ಟುಕೊಂಡಿರುವ ಮಿತಿ.

ನಡುಗಾಲನ್ನು ಒಂದು ಹೆಚ್ಚುವರಿ ಆಸರೆ ಅಂತ ಭಾವಿಸಿ ಸಣ್ಣ ತುಂಡು ಕೊಡುವವರಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದೇ ಉದ್ದ ತೊಲೆ ಮೂರು ಕಾಲುಗಳ ಮೇಲೆ ಕೂತಾಗ, ನಡುವಿನ ಕಾಲಿಗೆ ಎಂಟರಲ್ಲಿ ಐದು ಪಾಲು ಭಾರ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಮುಂದಿನ ನಡುಗಾಲಿಗೆ ಸುಮಾರು 265 ಕಿಲೋ, ಮೂಲೆಯ ಕಾಲಿಗೆ ತಲಾ 80 ಕಿಲೋ. ಹಾಗಾಗಿ ನಡುಗಾಲು ಮೂಲೆಯ ಕಾಲಿಗಿಂತ ಬಡಕಲಾಗಿರಬಾರದು. ಅದು ಕೆಳಗಿನ ಪಟ್ಟಿಯ ಮೇಲೆ ತೇಲುತ್ತಾ ನಿಲ್ಲದೆ ನೆಲಕ್ಕೆ ಮುಟ್ಟಬೇಕು. ಇನ್ನೊಂದು ಮಾತು, ಅದು ಉಳಿದವಕ್ಕಿಂತ ಎರಡು ಮಿಮೀ ಉದ್ದ ಇದ್ದರೂ ಕೆಲಸ ಕೆಡುತ್ತದೆ. ಆಗ ಟ್ಯಾಂಕು ಅದರ ಮೇಲೆ ತಕ್ಕಡಿ ಆಡುತ್ತದೆ. ಎಲ್ಲ ಕಾಲುಗಳನ್ನೂ ಒಟ್ಟಿಗೆ ಜೋಡಿಸಿಟ್ಟು ಒಂದೇ ಗುರುತಿಗೆ ಕೊಯ್ಯಿಸಿ.

ಕೆಳಗೆ ದೊಡ್ಡ ಸಂಪ್ ಟ್ಯಾಂಕ್ (ಅಕ್ವೇರಿಯಂ ನೀರು ಸೋಸುವ ಟ್ಯಾಂಕ್) ಇಡಬೇಕು, ಮುಂದೆ ನಡುಗಾಲು ಅಡ್ಡ ಬರುತ್ತದೆ ಅನ್ನುವವರಿಗೆ ದಾರಿ ಇದೆ. ಮುಂದಿನ ತೊಲೆಯನ್ನು 2×8 ಇಂಚಿಗೆ ಏರಿಸಿ. ಕಬ್ಬಿಣದಲ್ಲಾದರೆ 100×50 ಮಿಮೀ, 3 ಮಿಮೀ ದಪ್ಪದ ಪೈಪನ್ನು 100 ಮಿಮೀ ಎತ್ತರ ಬರುವಂತೆ ನಿಲ್ಲಿಸಿ. ಆಗ ಜಗ್ಗುವುದು ಒಂದು, ಒಂದೂಕಾಲು ಮಿಮೀ ಆಸುಪಾಸಿಗೆ ಬರುತ್ತದೆ. ಸಾಧ್ಯವಾದರೆ ಸಂಪ್ ಅನ್ನು ಪಕ್ಕದಿಂದ ತಳ್ಳುವ ಹಾಗೆ ಜಾಗ ಮಾಡಿಕೊಂಡು ನಡುಗಾಲನ್ನು ಉಳಿಸಿಕೊಳ್ಳಿ. ನನಗೆ ಅದೇ ಇಷ್ಟ.

ಮುಂದಿನ ಮತ್ತು ಹಿಂದಿನ ತೊಲೆಗಳ ನಡುವೆ ಅಡ್ಡಪಟ್ಟಿಗಳು ಬೇಕು. ಅವುಗಳ ಮೇಲೆ 18 ಮಿಮೀ ಪ್ಲೈವುಡ್ ಹಲಗೆ ಕೂರುತ್ತದೆ. ಅಡ್ಡಪಟ್ಟಿ ಒಂದೂವರೆ ಅಡಿಗೊಂದು ಇಟ್ಟರೆ ಪ್ಲೈವುಡ್ ನಡುನಡುವೆ ಒಂದು ಮಿಮೀಗಿಂತ ಜಾಸ್ತಿ ತಗ್ಗುತ್ತದೆ. ಒಂದಡಿಗೊಂದು ಇಟ್ಟರೆ ಅದರ ಐದನೇ ಒಂದು ಪಾಲು. ಎರಡು ಪಟ್ಟಿ ಹೆಚ್ಚಿಗೆ ಹಾಕಿ ಮುಗಿಸಿ.

ತಿರುಚು

ವಾಲಿರುವುದೂ ತಿರುಚಿರುವುದೂ ಬೇರೆ ಬೇರೆ. ಇಡೀ ಸ್ಟ್ಯಾಂಡ್ ಎಡಕ್ಕೆ ಮೂರು ಮಿಮೀ ತಗ್ಗಿದ್ದರೆ ನೀರಿನ ಗೆರೆ ಓರೆಯಾಗಿ ಕಾಣುತ್ತದೆ, ನೋಡಲು ಬೇಜಾರು, ಅಷ್ಟೆ. ಗಾಜಿನ ತಳ ಎಲ್ಲ ಕಡೆ ಇನ್ನೂ ಹಲಗೆಗೆ ಅಂಟಿಕೊಂಡೇ ಇರುತ್ತದೆ. ಮೂರು ಮೂಲೆ ಒಂದು ಮಟ್ಟದಲ್ಲಿದ್ದು ನಾಲ್ಕನೆಯದು ಮೂರು ಮಿಮೀ ತಗ್ಗಿದ್ದರೆ ಅಪಾಯ ಅಲ್ಲಿದೆ. ಟ್ಯಾಂಕಿನ ಆ ಮೂಲೆಯ ಕೆಳಗೆ ಗಾಳಿ. ನೀರು ಆ ಮೂಲೆಯನ್ನು ಕೆಳಕ್ಕೆ ಒತ್ತುತ್ತದೆ, ಉಳಿದ ಗಾಜು ಮೇಲಕ್ಕೆ ಹಿಡಿದಿರುತ್ತದೆ. ನಡುವೆ ಸಿಲಿಕೋನ್ ಹಗಲು ರಾತ್ರಿ ಎಳೆಸಿಕೊಳ್ಳುತ್ತದೆ. ಟ್ಯಾಂಕು ತುಂಬಿದ ದಿನ ಏನೂ ಆಗದೆ ತಿಂಗಳುಗಳ ನಂತರ ಸೋರುವುದಕ್ಕೆ ಇದೊಂದು ದೊಡ್ಡ ಕಾರಣ.

ತಿರುಚು ಹಿಡಿಯಲು ಎರಡು ದಾರ ಸಾಕು. ಮೇಲಿನ ಚೌಕಟ್ಟಿನ ಒಂದು ಮೂಲೆಯಿಂದ ಎದುರಿನ ಮೂಲೆಗೆ ಒಂದು ದಾರ ಬಿಗಿಯಾಗಿ ಕಟ್ಟಿ. ಉಳಿದ ಎರಡು ಮೂಲೆಗಳಿಗೆ ಇನ್ನೊಂದು. ಎರಡೂ ನಡುವೆ ಒಂದನ್ನೊಂದು ದಾಟುವ ಕಡೆ ಸುಮ್ನೆ ಸೋಕಬೇಕು. ನಡುವೆ ಸಂದು ಕಂಡರೆ ಅಥವಾ ಒಂದು ದಾರ ಇನ್ನೊಂದನ್ನು ಒತ್ತುತ್ತಿದ್ದರೆ ಚೌಕಟ್ಟು ತಿರುಚಿದೆ. ಮೇಲಿನ, ಕೆಳಗಿನ ದಾರಗಳನ್ನು ಅದಲು ಬದಲು ಮಾಡಿ ಇನ್ನೊಮ್ಮೆ ನೋಡಿ. ಹಾಗೇ ಎರಡು ಕರ್ಣಗಳ ಉದ್ದವನ್ನು ಟೇಪಿನಲ್ಲಿ ಅಳೆಯಿರಿ. ಎರಡೂ ಒಂದೇ ಬಂದರೆ ಮೂಲೆಗಳು ಸರಿಯಾಗಿ ಕೂಡಿವೆ.

ಮಟ್ಟ ನೋಡಲು ಒಂದಡಿಯ ರಸಮಟ್ಟ ಸಾಲದು. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪ್ ಇದಕ್ಕೆ ಹೇಳಿ ಮಾಡಿಸಿದ್ದು. ಒಳಗೆ ಗಾಳಿ ಗುಳ್ಳೆ ಇರಬಾರದು ಅಷ್ಟೆ. ಆರಡಿ ದೂರದ ಎರಡು ಮೂಲೆಗಳ ಮಟ್ಟವನ್ನು ಒಂದು ಮಿಮೀ ಒಳಗೆ ತೋರಿಸುತ್ತದೆ.

ಕಬ್ಬಿಣದ ಸ್ಟ್ಯಾಂಡ್ ತಿರುಚುವುದು ಸಾಮಾನ್ಯವಾಗಿ ವೆಲ್ಡಿಂಗ್ ಸಮಯದಲ್ಲೇ. ಬೆಸೆದ ಜಾಗ ಆರುವಾಗ ಕುಗ್ಗಿ ಪೈಪನ್ನು ತನ್ನ ಕಡೆ ಎಳೆಯುತ್ತದೆ. ಒಂದು ಮೂಲೆಯನ್ನು ಪೂರ್ತಿ ಬೆಸೆದು ಮುಂದಿನದಕ್ಕೆ ಹೋದರೆ ಚೌಕಟ್ಟು ಸೊಟ್ಟ ಆಗುವುದು ಖಂಡಿತ. ಎಲ್ಲ ಮೂಲೆಗಳಿಗೂ ಮೊದಲು ಚುಕ್ಕೆ ಬೆಸುಗೆ ಹಾಕಿಸಿ. ಕರ್ಣ ಅಳೆಯಿರಿ. ಆಮೇಲೆ ಎದುರು ಬದುರು ಮೂಲೆಗಳನ್ನು ಒಂದಾದ ಮೇಲೊಂದು ಬೆಸೆಯಲಿ. ಮರದಲ್ಲಾದರೆ ತಿರುಚಿಗೆ ಕಾರಣ ಹಸಿ. ಕೊಯ್ದು ತಿಂಗಳೂ ಆಗದ ಮರ ಮನೆಯೊಳಗೆ ಒಣಗುತ್ತಾ ಸುತ್ತಿಕೊಳ್ಳುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಮರ ತಂದು ಆ ವಾರವೇ ಕೆಲಸ ಶುರು ಮಾಡಬೇಡಿ.

ಟ್ಯಾಂಕಿನ ಕೆಳಗೆ ಥರ್ಮಾಕೋಲ್ ಯಾಕೆ ಹಾಕುತ್ತೇವೆ? ನಮ್ಮಲ್ಲಿ ಕಟ್ಟುವ ಟ್ಯಾಂಕುಗಳಲ್ಲಿ ಹೆಚ್ಚಿನವುಗಳ ತಳದ ಗಾಜು ನೇರ ಹಲಗೆಯ ಮೇಲೆ ಕೂರುತ್ತದೆ. ಒಂದು ಮರಳಿನ ಕಾಳು, ತಲೆ ಎತ್ತಿದ ಒಂದು ಸ್ಕ್ರೂ ಸಿಕ್ಕಿಕೊಂಡರೂ ಭಾರ ಆ ಒಂದು ಚುಕ್ಕೆಗೆ ಬಿದ್ದು ಗಾಜು ಸೀಳಬಹುದು. 10–12 ಮಿಮೀ ಥರ್ಮಾಕೋಲ್ ಹಾಳೆ ಅದನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ. ಆದರೆ ತಿರುಚಿದ ಸ್ಟ್ಯಾಂಡನ್ನು ಅದು ಸರಿಮಾಡುವುದಿಲ್ಲ. "ಸ್ವಲ್ಪ ಏರುಪೇರಿದೆ, ಎರಡು ಥರ್ಮಾಕೋಲ್ ಹಾಕಿಬಿಡಿ" ಅನ್ನುವ ಮಾತಿಗೆ ಒಪ್ಪಬೇಡಿ. ಹಾಗೆಯೇ, ಸುತ್ತ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಕೂರುವ, ತಳದ ಗಾಜು ಹಲಗೆಯಿಂದ ಸ್ವಲ್ಪ ಮೇಲಿರುವ ಟ್ಯಾಂಕಾದರೆ ಥರ್ಮಾಕೋಲ್ ಬೇಡ. ಅದು ಉಬ್ಬಿ ತಳದ ಗಾಜನ್ನು ಮೇಲಕ್ಕೆ ಒತ್ತುತ್ತದೆ.

ಪಕ್ಕಕ್ಕೆ ವಾಲುವುದು

ಬೆಂಕಿಪೊಟ್ಟಣದ ಹೊರಕವಚವನ್ನು ಮಾತ್ರ ತೆಗೆದು ಪಕ್ಕದಿಂದ ಒತ್ತಿ. ಚಪ್ಪಟೆಯಾಗಿ ಮಲಗುತ್ತದೆ. ಒಳಗೆ ಕಡ್ಡಿ ತುಂಬುವ ತಟ್ಟೆ ಸೇರಿಸಿ ಒತ್ತಿ ನೋಡಿ. ಅಲುಗಾಡುವುದಿಲ್ಲ. ತಟ್ಟೆಯ ಪುಟ್ಟ ಗೋಡೆಗಳೇ ಆ ಬಲ ಕೊಟ್ಟವು. ನಾಲ್ಕು ಕಾಲು, ನಾಲ್ಕು ಪಟ್ಟಿಯ ಸ್ಟ್ಯಾಂಡ್ ಆ ಖಾಲಿ ಕವಚದ ಹಾಗೆ. ಮೇಲಿಂದ ಎಷ್ಟು ಒತ್ತಿದರೂ ನಿಲ್ಲುತ್ತದೆ, ಪಕ್ಕದಿಂದ ತಳ್ಳಿದರೆ ಮೂಲೆಗಳು ತಿರುಗುತ್ತವೆ.

ಪಕ್ಕದಿಂದ ತಳ್ಳುವುದು ಯಾರು? ಮಕ್ಕಳು ಒರಗುತ್ತಾರೆ. ಸೋಫಾ ಸರಿಸುವಾಗ ತಾಗುತ್ತದೆ. ಗಾಜು ಒರೆಸುವಾಗ ನಾವೇ ನೂಕುತ್ತೇವೆ. ನೀರು ಒಮ್ಮೆ ತೂಗಾಡಲು ಶುರುವಾದರೆ ತಾನೂ ಎಳೆಯುತ್ತದೆ. ಪ್ರತಿ ಸಲವೂ ಸ್ಕ್ರೂ ಹೊಡೆದ ತೂತು ಒಂದು ಕೂದಲೆಳೆಯಷ್ಟು ಸಡಿಲವಾಗುತ್ತದೆ.

ಪರಿಹಾರ ಅಗ್ಗದ್ದು. ಬೆನ್ನಿಗೆ ಮತ್ತು ಎರಡು ಪಕ್ಕಕ್ಕೆ 12 ಮಿಮೀ ಪ್ಲೈವುಡ್ ಹಾಳೆ. ಅಂಟು ಹಚ್ಚಿ, ಆರಿಂಚಿಗೊಂದು ಸ್ಕ್ರೂ ಹೊಡೆಸಿ. ಇಡೀ ಸ್ಟ್ಯಾಂಡಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಬಲ ಕೊಡುವುದು ಇನ್ನೊಂದಿಲ್ಲ. ಆದರೂ ಖರ್ಚು ಕಡಿಮೆ ಮಾಡಬೇಕು ಅಂದಾಗ ಜನ ಮೊದಲು ಬಿಡುವುದು ಬೆನ್ನಿನ ಹಾಳೆಯನ್ನೇ, "ಗೋಡೆ ಕಡೆ ಯಾರು ನೋಡುತ್ತಾರೆ" ಅಂತ. ಬೇಕಾದರೆ ಬಾಗಿಲು ಬಿಡಿ, ಮೈಕಾ ಬಿಡಿ, ಬೆನ್ನು ಬಿಡಬೇಡಿ. ಫಿಲ್ಟರ್ ಪೈಪಿಗೆ ಜಾಗ ಬೇಕಾದರೆ ದುಂಡನೆ ತೂತು ಕೊರೆಸಿ. ಅರ್ಧ ಹಾಳೆ ಕತ್ತರಿಸಿ ತೆಗೆದರೆ ಅದು ಇದ್ದೂ ಇಲ್ಲದ ಹಾಗೆ.

ಕಬ್ಬಿಣದಲ್ಲಿ ಬೆಸೆದ ಮೂಲೆಗಳು ತಾವೇ ಸ್ವಲ್ಪ ಬಿಗಿ ಕೊಡುತ್ತವೆ. ಆದರೂ ಬೆನ್ನಿಗೆ ಒಂದು ಓರೆ ಪಟ್ಟಿ ಹಾಕಿಸಿ. ತ್ರಿಕೋನ ಆಯಿತು ಅಂದರೆ ಆ ಬದಿ ಮತ್ತೆ ವಾಲುವ ಮಾತಿಲ್ಲ.

ಮಗುಚುವ ಭಯ ಬೇರೆ. ಎರಡೂಕಾಲು ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ ನಮ್ಮ ಟ್ಯಾಂಕು ಕೂತರೆ ಭಾರದ ಕೇಂದ್ರ ನೆಲದಿಂದ ಸುಮಾರು ಒಂದು ಮೀಟರ್ ಮೇಲಿರುತ್ತದೆ. ಎರಡಡಿ ಅಗಲ ಇದ್ದರೆ ಮುಂದಕ್ಕೆ 17 ಡಿಗ್ರಿ ವಾಲುವ ತನಕ ಮಗುಚುವುದಿಲ್ಲ. ಅಗಲ ಒಂದೂವರೆ ಅಡಿಯಾದರೆ 13 ಡಿಗ್ರಿ ಅಷ್ಟೆ. ಕಿರಿದಾದ ಟ್ಯಾಂಕನ್ನು ಎತ್ತರಕ್ಕೆ ಇಡುವ ಆಸೆ ಇದ್ದರೆ ಸ್ಟ್ಯಾಂಡಿನ ತಲೆಯನ್ನು ಎರಡು ಕಡೆ ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸಿ.

ನೆಲ ತಡೆಯುತ್ತಾ?

ಸ್ಟ್ಯಾಂಡಿನ ಲೆಕ್ಕ ನೆಲಕ್ಕೆ ಬಂದು ನಿಲ್ಲಬೇಕಲ್ವಾ. ಭಾರತದ ಕಟ್ಟಡಗಳಿಗೆ ಇರುವ ಐಎಸ್ 875 ಸಂಹಿತೆಯ ಎರಡನೇ ಭಾಗದ ಪ್ರಕಾರ ವಾಸದ ಮನೆಯ ಕೋಣೆಗಳ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಹೊರುವಂತೆ ವಿನ್ಯಾಸ ಮಾಡುತ್ತಾರೆ. ನಮ್ಮ ಟ್ಯಾಂಕು ಮತ್ತು ಸ್ಟ್ಯಾಂಡ್ ಕೂರುವ ಜಾಗ ಒಂದು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಬೀಳುವುದು ಚದರ ಮೀಟರಿಗೆ 800 ಕಿಲೋಗೂ ಮೇಲೆ. ನಾಲ್ಕು ಪಟ್ಟು.

ಇದನ್ನು ಓದಿ ಗಾಬರಿ ಬೇಡ. ಆ 200 ಕಿಲೋ ಇಡೀ ಕೋಣೆಗೆ ಅನ್ವಯಿಸುತ್ತದೆ. 10×12 ಅಡಿ ಕೋಣೆಯ ಒಟ್ಟು ಪಾಲು 2,200 ಕಿಲೋ ಮೇಲಾಯಿತು. ಆರ್‌ಸಿಸಿ ಸ್ಲ್ಯಾಬ್ ಭಾರವನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ, ವಿನ್ಯಾಸದಲ್ಲಿ ಮೀಸಲು ಬಲವೂ ಇರುತ್ತದೆ. ಆದರೆ ಟ್ಯಾಂಕನ್ನು ಕೋಣೆಯ ನಡುವೆ ಇಡುವುದಕ್ಕೂ, ಕೆಳಗೆ ಬೀಮ್ ಇರುವ ಗೋಡೆಯ ಪಕ್ಕ ಇಡುವುದಕ್ಕೂ ಅಜಗಜಾಂತರ. ಬೀಮ್ ಎಲ್ಲಿದೆ ಅಂತ ಕೆಳಗಿನ ಮನೆಯ ಚಾವಣಿ ನೋಡಿದರೆ ಅಥವಾ ಕಟ್ಟಡದ ನಕ್ಷೆ ನೋಡಿದರೆ ತಿಳಿಯುತ್ತದೆ. ಮಹಡಿಯ ಮೇಲೆ ಆರಡಿ ಟ್ಯಾಂಕು ಇಡುವ ಮುನ್ನ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಅವರ ಫೀಸ್ ಟ್ಯಾಂಕಿನ ಬೆಲೆಯ ಮುಂದೆ ದೊಡ್ಡದಲ್ಲ. ಹೊರಚಾಚಿದ ಬಾಲ್ಕನಿಯಲ್ಲಿ ಬೇಡ. ಹಳೆಯ ಹೆಂಚಿನ ಮನೆಗಳ ಮರದ ಅಟ್ಟದ ಮೇಲಂತೂ ಬೇಡವೇ ಬೇಡ.

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ನೆಲವೇ ಮರದ್ದು. ಅಲ್ಲಿ ವಾಸದ ಕೋಣೆಗೆ ಚದರ ಅಡಿಗೆ 40 ಪೌಂಡ್ ಲೆಕ್ಕ, ಹೆಚ್ಚುಕಡಿಮೆ ನಮ್ಮಷ್ಟೇ. ಆದರೆ ನೆಲದಡಿಯ ತೊಲೆಗಳಿಗೆ ಅಡ್ಡವಾಗಿ ಟ್ಯಾಂಕು ಇಟ್ಟರೆ ನಾಲ್ಕೈದು ತೊಲೆ ಭಾರ ಹಂಚಿಕೊಳ್ಳುತ್ತವೆ. ಉದ್ದಕ್ಕೆ ಇಟ್ಟರೆ ಎಲ್ಲ ಒಂದೆರಡು ತೊಲೆಯ ಪಾಲಾಗುತ್ತದೆ.

ನೆಲಮಹಡಿಯಲ್ಲಿ ಭಾರದ ಚಿಂತೆ ಕಡಿಮೆ, ಟೈಲ್ಸಿನ ಚಿಂತೆ ಜಾಸ್ತಿ. ಸ್ಟ್ಯಾಂಡ್ ಕೂರುವ ಜಾಗದ ಟೈಲ್ಸನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ. ಟೊಳ್ಳು ಶಬ್ದ ಬಂದರೆ ಕೆಳಗೆ ಸಿಮೆಂಟು ತುಂಬಿಲ್ಲ, ಅಲ್ಲಿ ಸೀಳುತ್ತದೆ. 40×40 ಪೈಪಿನ ತೆರೆದ ತುದಿ ನೆಲಕ್ಕೆ ಮುಟ್ಟುವುದು ಬರೀ 300 ಚದರ ಮಿಮೀ. ಅದರ ಕೆಳಗೆ 100×100 ಮಿಮೀ ಕಬ್ಬಿಣದ ತಟ್ಟೆ ಬೆಸೆದರೆ ಒತ್ತಡ ಮೂವತ್ತು ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಎತ್ತರ ಹೊಂದಿಸಲು ಸಣ್ಣ ಬೋಲ್ಟ್ ಕಾಲು ಹಾಕಿಸುವವರು ಇದನ್ನು ಮರೆಯಬಾರದು. ಮರದ ಸ್ಟ್ಯಾಂಡಿಗೆ ಕೆಳಗಿನ ಪಟ್ಟಿ ಪೂರ್ತಿ ನೆಲಕ್ಕೆ ಕೂರಲಿ. ಸಂದು ಇರುವ ಕಡೆ ತೆಳು ಪ್ಲಾಸ್ಟಿಕ್ ಅಥವಾ ತಗಡಿನ ತುಂಡು ಸೇರಿಸಿ. ರಟ್ಟು, ಮಡಚಿದ ಪೇಪರ್ ಬೇಡ. ನೀರು ಬಿದ್ದರೆ ಕರಗುತ್ತವೆ.

ಯಾವ ಮರ, ಯಾವ ಕಬ್ಬಿಣ?

ತೇಗ ಸಿಕ್ಕರೆ ಸಂತೋಷ, ಆದರೆ ಅಗತ್ಯ ಇಲ್ಲ. ಮತ್ತಿ, ಹೊನ್ನೆ, ನಂದಿ, ಬಾಗಿಲ ಚೌಕಟ್ಟಿಗೆ ಬಳಸುವ ಸಾಲ್ ಯಾವುದಾದರೂ ಸಾಕು, ಚೆನ್ನಾಗಿ ಒಣಗಿರಬೇಕು. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗ, ಆದರೆ ತೇವ ತಡೆಯುವುದು ಕಡಿಮೆ. ಪ್ಲೈವುಡ್ ಕೊಳ್ಳುವಾಗ ಐಎಸ್ 710 ಮುದ್ರೆ ನೋಡಿ, ಅದು ಮರೀನ್ ದರ್ಜೆ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಬಾಗಿಲಿಗೂ ಬೇಡ. ಟ್ಯಾಂಕಿನ ಪಕ್ಕದಲ್ಲಿ ನೀರು ಚೆಲ್ಲದ ವಾರ ಇರುವುದಿಲ್ಲ, ಅವು ನೀರು ಕುಡಿದು ಉಬ್ಬುತ್ತವೆ. ಅಳತೆ ಹಿಡಿಯುವಾಗ ಇನ್ನೊಂದು ಮಾತು: 2×4 ಅಂತ ಕೊಂಡ ಮರ ಕೀಸುಳಿ ಹಾಕಿದ ಮೇಲೆ 2×4 ಉಳಿದಿರುವುದಿಲ್ಲ. ಕೀಸಿದ ನಂತರದ ಅಳತೆಯಲ್ಲೇ ಲೆಕ್ಕ ಮಾಡಿ.

ನನ್ನ ಆಯ್ಕೆ ಕೇಳಿದರೆ, ಕಬ್ಬಿಣದ ಪೈಪಿನ ಚೌಕಟ್ಟು, ಆರು ಕಾಲು, ಮೇಲೆ ಪ್ಲೈವುಡ್ ಹಲಗೆ, ಬೆನ್ನಿಗೂ ಪ್ಲೈವುಡ್. ಪೈಪಿನ ಬಾಯಿಗಳನ್ನೆಲ್ಲ ಮುಚ್ಚಿ ಬೆಸೆಸಿ. ಇಲ್ಲದಿದ್ದರೆ ನೀರು ಒಳಗೆ ಇಳಿದು ಕಾಣದ ಕಡೆಯಿಂದ ತುಕ್ಕು ತಿನ್ನುತ್ತದೆ. ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ಕೋಟು ಎನಾಮೆಲ್. ಉಪ್ಪುನೀರಿನ ಟ್ಯಾಂಕಾದರೆ, ಅಥವಾ ಮಂಗಳೂರು, ಕಾರವಾರದ ಕಡೆಯಾದರೆ ಎಪಾಕ್ಸಿ ಪೇಂಟಿಗೆ ಹೋಗಿ.

ನೆಲಮಹಡಿಯವರಿಗೆ ಇನ್ನೂ ಸರಳ ದಾರಿ ಇದೆ. ಸಿಮೆಂಟಿನ ಗಟ್ಟಿ ಬ್ಲಾಕಿನಲ್ಲಿ ನಾಲ್ಕು ಅಡ್ಡಗೋಡೆ ಕಟ್ಟಿ ಮೇಲೆ ಗ್ರಾನೈಟ್ ಹಾಸು. ವಾಲುವುದಿಲ್ಲ, ತುಕ್ಕಿಲ್ಲ, ಗೆದ್ದಲಿಲ್ಲ. ಕಲ್ಲು ಒತ್ತಡಕ್ಕೆ ಗಟ್ಟಿ, ಬಾಗಿಸಿದರೆ ಮುನ್ಸೂಚನೆ ಇಲ್ಲದೆ ಮುರಿಯುತ್ತದೆ. ಅದಕ್ಕೆ ಗೋಡೆಗಳ ನಡುವೆ ಎರಡಡಿಗಿಂತ ಕಡಿಮೆ ಅಂತರ ಇರಲಿ.

ಕರೆಂಟಿನ ವಿಷಯ ಚಿಕ್ಕದಾಗಿ. ಸಾಕೆಟ್ ಟ್ಯಾಂಕಿನ ನೇರ ಕೆಳಗೆ ಬೇಡ, ಪಕ್ಕದಲ್ಲಿ ಎತ್ತರಕ್ಕೆ ಇರಲಿ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಲಿ, ಆಗ ವೈರಿನ ಮೇಲೆ ಹರಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ. ಕಬ್ಬಿಣದ ಸ್ಟ್ಯಾಂಡಿಗೆ ಅರ್ಥಿಂಗ್, ಆ ಲೈನಿಗೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ.

ನೀರು ತುಂಬುವ ದಿನ

ಖಾಲಿ ಟ್ಯಾಂಕನ್ನು ಕೂರಿಸಿ ಸುತ್ತಲೂ ಒಂದು ಕಾಗದದ ಚೂರು ತೂರಿಸಿ ನೋಡಿ. ಎಲ್ಲಾದರೂ ಸಲೀಸಾಗಿ ಒಳಗೆ ಹೋದರೆ ಅಲ್ಲಿ ಸಂದು ಇದೆ. ನೀರು ಹಾಕುವ ಮುಂಚೆಯೇ ಸರಿಮಾಡಿ. ತುಂಬಿದ ಟ್ಯಾಂಕನ್ನು ಅರ್ಧ ಇಂಚು ಸರಿಸುವುದೂ ಆಗದ ಮಾತು.

ಮೊದಲು ಕಾಲು ಭಾಗ ತುಂಬಿ. ನಾಲ್ಕೂ ಮೂಲೆಗಳ ಮಟ್ಟ ನೋಡಿ. ಅರ್ಧಕ್ಕೆ ಏರಿಸಿ ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಮುಂದಿನ ತೊಲೆಯ ಕೆಳಗೆ ಒಂದು ದಾರ ಬಿಗಿಯಾಗಿ ಹಿಡಿದು ಎಷ್ಟು ಜಗ್ಗಿದೆ ಅಂತ ಅಳೆದು ಬರೆದಿಡಿ. ಪೂರ್ತಿ ತುಂಬಿದ ಮೇಲೆ ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಮೀನು ಬಿಡುವುದು ಆಮೇಲೆ. ಮರದ ಸ್ಟ್ಯಾಂಡಾದರೆ ತಿಂಗಳು ಕಳೆದ ಮೇಲೆ ಒಮ್ಮೆ, ಮೊದಲ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಅದೇ ಜಾಗದಲ್ಲಿ ಅಳೆದು ಹಳೆಯ ಅಂಕಿಯ ಪಕ್ಕ ಬರೆಯಿರಿ. ಅಂಕಿ ಏರುತ್ತಲೇ ಇದ್ದರೆ, ಅಥವಾ ಯಾವುದೋ ಮೂಲೆಯಲ್ಲಿ ಹೊಸದಾಗಿ ಸಂದು ಕಂಡರೆ, ಜಾಕ್ ಹಾಕಿ ಎತ್ತುವ, ಬೆಣೆ ಬಡಿಯುವ ಸಾಹಸ ಬೇಡ. ಮೊದಲು ಮುಕ್ಕಾಲು ಪಾಲು ನೀರು ಹೊರಗೆ ತೆಗೆಯಿರಿ, ಆಮೇಲೆ ಸ್ಟ್ಯಾಂಡಿಗೆ ಕೈಹಾಕಿ.